ಹಸಿರು ಗೆರೆ: ಮಾತೀಸನ ಒಂದು ಭಾವಚಿತ್ರವನ್ನು ಕುರಿತು

1

ವ್ಯಕ್ತಿಯೊಬ್ಬರ ಮುಖವನ್ನು ಚಿತ್ರಿಸಿದ ಕೃತಿಗೆ ಕನ್ನಡದಲ್ಲಿ ‘ಭಾವಚಿತ್ರ’ ಎಂಬ ಹೆಸರು ರೂಢಿಯಾಗಿದೆ. ಗೋಡೆಯ ಮೇಲೆ ಹಾರ ಹೊತ್ತು ನಿಂತ ಹಿರಿಯರ ಛಾಯಾಚಿತ್ರಕ್ಕೂ ಅದೇ ಹೆಸರು. ಸಭಾಭವನದಲ್ಲಿ ಅನಾವರಣಗೊಳ್ಳುವ ತೈಲಚಿತ್ರಕ್ಕೂ ಅದೇ ಹೆಸರು. ದಿನಬಳಕೆಯಲ್ಲಿ ಈ ಸಮಾಸದ ಪೂರ್ವಪದ ನಮ್ಮ ಕಿವಿಗೆ ಬೀಳುವುದೇ ಇಲ್ಲ. ಭಾವಚಿತ್ರವನ್ನು ಕಂಡೊಡನೆ ನಾವು ಮೊದಲು ಕೇಳುವುದು ಹೋಲಿಕೆಯ ಪ್ರಶ್ನೆಯನ್ನು: ಇದು ಅವರಂತೆಯೇ ಇದೆಯೇ? ಇದ್ದರೆ ಚಿತ್ರಕಾರನನ್ನು ಮೆಚ್ಚುತ್ತೇವೆ. ಇಲ್ಲದಿದ್ದರೆ ಅವನ ಕೈ ಪಳಗಿಲ್ಲವೆನ್ನುತ್ತೇವೆ.

ಈ ಅಳತೆಗೋಲನ್ನು ಕೈಯಲ್ಲಿ ಹಿಡಿದು ಇಪ್ಪತ್ತನೆಯ ಶತಮಾನದ ಪಾಶ್ಚಾತ್ಯ ಚಿತ್ರಗಳ ಮುಂದೆ ನಿಂತವರಿಗೆ ಒದಗುವ ಪೇಚು ಅಧ್ಯಾಪಕರಿಗೆಲ್ಲ ಗೊತ್ತಿರುವುದೇ. ಫ್ರಾನ್ಸಿನ ಆನ್ರಿ ಮಾತೀಸ್ 1905ರಲ್ಲಿ ತನ್ನ ಪತ್ನಿಯನ್ನು ಕುರಿತು ರಚಿಸಿದ, ‘ಹಸಿರು ಗೆರೆ’ ಎಂಬ ಹೆಸರಿನಿಂದ ಪ್ರಸಿದ್ಧವಾದ ಚಿತ್ರವನ್ನು ತರಗತಿಯಲ್ಲಿ ತೋರಿಸಿದರೆ, ಹಿಂದಿನ ಬೆಂಚಿನಿಂದ ಒಂದು ಪ್ರಶ್ನೆ ತಪ್ಪದೆ ಏಳುತ್ತದೆ: ಆಕೆಯ ಮುಖದ ನಡುವೆ ಹಸಿರು ಬಣ್ಣ ಏಕೆ? ಇದಕ್ಕೆ ಪಠ್ಯಪುಸ್ತಕಗಳಲ್ಲಿ ಎರಡು ಸಿದ್ಧ ಉತ್ತರಗಳಿವೆ. ಕಲಾವಿದನು ಪ್ರಕೃತಿಯ ಬಂಧನದಿಂದ ಬಣ್ಣವನ್ನು ಬಿಡುಗಡೆ ಮಾಡಿದನೆಂಬುದು ಒಂದು. ಕಲಾವಿದನು ತನ್ನ ಅಂತರಂಗದ ಭಾವವನ್ನು ಬಣ್ಣದಲ್ಲಿ ಹೊರಗೆಡವಿದನೆಂಬುದು ಇನ್ನೊಂದು. ಎರಡೂ ಕೇಳಲು ಹಿತವಾಗಿವೆ. ಆದರೆ ಎರಡೂ ಪ್ರಶ್ನೆಯನ್ನು ಉತ್ತರಿಸದೆ ದಾಟಿಹೋಗುತ್ತವೆ. ಬಣ್ಣ ಸ್ವತಂತ್ರವಾಗಿದ್ದರೆ ಆ ಗೆರೆ ಮೂಗಿನ ಮೇಲೆಯೇ ಏಕೆ ಬರಬೇಕು? ಕೆನ್ನೆಯ ಮೇಲೆ ಓರೆಯಾಗಿ ಬಂದಿದ್ದರೆ ಆಗುತ್ತಿರಲಿಲ್ಲವೆ? ಅದು ಅಂತರಂಗದ ಭಾವವಾಗಿದ್ದರೆ, ಯಾವ ಭಾವ? ಪ್ರೀತಿಯೋ, ಕೋಪವೋ, ಜುಗುಪ್ಸೆಯೋ?

ವಿದ್ಯಾರ್ಥಿಯ ಪ್ರಶ್ನೆ ಇವೆರಡು ಉತ್ತರಗಳಿಗಿಂತ ಹೆಚ್ಚು ಗಂಭೀರವಾದದ್ದೆಂದು ನಮ್ಮ ನಂಬಿಕೆ. ಏಕೆಂದರೆ ಅದರ ಹಿಂದೆ ಇನ್ನೊಂದು ಪ್ರಶ್ನೆ ಅಡಗಿದೆ: ಎದುರಿಗೆ ಕುಳಿತ ಒಬ್ಬ ಹೆಣ್ಣುಮಗಳ ಮುಖದ ಮೇಲೆ ಚಿತ್ರಕಾರನಿಗೆ ಎಷ್ಟರ ಅಧಿಕಾರವಿದೆ? ಆ ಮುಖಕ್ಕೆ ಅವನು ಏನನ್ನಾದರೂ ಸಲ್ಲಿಸಬೇಕಾದ ಋಣವಿದೆಯೆ? ಪ್ರಕೃತ ಲೇಖನದಲ್ಲಿ ಈ ಒಂದು ಚಿತ್ರವನ್ನು ಸಾವಧಾನವಾಗಿ ನೋಡಿ, ಆ ಪ್ರಶ್ನೆಗೆ ಚಿತ್ರದೊಳಗಿನಿಂದಲೇ ಉತ್ತರ ದೊರೆಯುವುದೋ ಎಂದು ಪರಿಶೀಲಿಸಲು ಯತ್ನಿಸುತ್ತೇವೆ.

2

ಮೊದಲು ಚಿತ್ರದ ಸಂಗತಿಗಳು. ಇದು ಬಟ್ಟೆಯ ಮೇಲೆ ತೈಲವರ್ಣದಲ್ಲಿ ಮಾಡಿದ ಕೃತಿ. ಎತ್ತರ 40.5 ಸೆಂಟಿಮೀಟರು, ಅಗಲ 32.5 ಸೆಂಟಿಮೀಟರು, ಈಗ ಡೆನ್ಮಾರ್ಕಿನ ರಾಜಧಾನಿ ಕೋಪನ್‌ಹೇಗನ್ನಿನ ರಾಷ್ಟ್ರೀಯ ಕಲಾಸಂಗ್ರಹಾಲಯದಲ್ಲಿದೆ. ಈ ಅಳತೆಗಳನ್ನು ನೆನಪಿನಲ್ಲಿಟ್ಟುಕೊಳ್ಳುವುದು ಅಗತ್ಯ. ತರಗತಿಯ ಪರದೆಯ ಮೇಲೆ ಈ ಮುಖ ಆಳೆತ್ತರಕ್ಕೆ ಬೆಳೆದು, ಹಸಿರು ಗೆರೆ ಒಂದು ಕಂಬದಂತೆ ಕಾಣುತ್ತದೆ; ಆಗ ಅದು ಘೋಷಣೆಯಂತೆ ತೋರುವುದು ಸಹಜ. ವಾಸ್ತವದಲ್ಲಿ ಇದು ಎರಡು ಕೈಯಲ್ಲಿ ಎತ್ತಿ ಹಿಡಿಯಬಹುದಾದ ಚಿಕ್ಕ ಚಿತ್ರ. ಮುಖ ಸುಮಾರಾಗಿ ಜೀವಪ್ರಮಾಣಕ್ಕೆ ಹತ್ತಿರವಾಗಿದೆ. ಮೇಜಿನ ಆಚೆ ಕುಳಿತವರ ಮುಖವನ್ನು ನೋಡುವ ದೂರದಿಂದ ನೋಡಬೇಕಾದ ಚಿತ್ರವಿದು.

ಚಿತ್ರಕಾರನ ವಿಷಯವನ್ನು ಇಲ್ಲಿ ವಿಸ್ತರಿಸಬೇಕಾಗಿಲ್ಲ. ಮಾತೀಸ್ ಹುಟ್ಟಿದ್ದು 1869ರ ಕೊನೆಯ ದಿನ, ತೀರಿಕೊಂಡದ್ದು 1954ರಲ್ಲಿ. ಚಿತ್ರದಲ್ಲಿರುವ ಅಮೇಲಿ ಪಾರೇರ್ ಎಂಬಾಕೆಯನ್ನು ಅವನು ಮದುವೆಯಾದದ್ದು 1898ರ ಜನವರಿಯಲ್ಲಿ. ಆಕೆಯ ವಿಷಯದಲ್ಲಿ ಎರಡು ಮಾತು ಹೇಳುವುದು ಅವಶ್ಯ. ಏಕೆಂದರೆ ಕಲಾಚರಿತ್ರೆಯಲ್ಲಿ ‘ಚಿತ್ರಕಾರನ ಹೆಂಡತಿ’ ಎಂಬ ಮಾತಿನ ಹಿಂದೆ ಒಬ್ಬ ವ್ಯಕ್ತಿ ಮರೆಯಾಗುವುದು ಬಹಳ ಸುಲಭ. ಮದುವೆಯ ಮರುವರ್ಷ, 1899ರಲ್ಲಿ, ಆಕೆ ಪ್ಯಾರಿಸಿನಲ್ಲಿ ಹೆಂಗಸರ ಟೋಪಿಗಳ ಅಂಗಡಿಯನ್ನು ತೆರೆದಳು. ಚಿತ್ರಗಳು ಮಾರಾಟವಾಗದ ಆ ವರ್ಷಗಳಲ್ಲಿ ಸಂಸಾರಕ್ಕೆ ಆಕೆಯ ದುಡಿಮೆಯ ಆಸರೆ ದೊಡ್ಡದಾಗಿತ್ತು. ಅದೇ ವರ್ಷ ಮಾತೀಸ್ ಸೆಜಾನನ ಸ್ನಾನಾರ್ಥಿನಿಯರ ಒಂದು ಚಿಕ್ಕ ಚಿತ್ರಕ್ಕೆ ಮನಸೋತು ಅದನ್ನು ಕೊಳ್ಳಬಯಸಿದಾಗ, ಆಕೆ ತನ್ನ ಪಚ್ಚೆಯುಂಗುರವನ್ನು ಒತ್ತೆಯಿಟ್ಟಳು. ಆ ಉಂಗುರ ಮತ್ತೆ ಕೈಸೇರಲಿಲ್ಲ. ಮಾತೀಸನಿಗೆ ಮದುವೆಗೆ ಮೊದಲೇ ಹುಟ್ಟಿದ್ದ ಮಾರ್ಗರೀತ್ ಎಂಬ ಮಗಳನ್ನು ಆಕೆ ತನ್ನ ಇಬ್ಬರು ಗಂಡುಮಕ್ಕಳೊಡನೆ ಸಾಕಿ ಬೆಳೆಸಿದಳು.

1905ರ ಬೇಸಗೆಯನ್ನು ಮಾತೀಸ್ ಫ್ರಾನ್ಸಿನ ದಕ್ಷಿಣದಲ್ಲಿ, ಸ್ಪೇನಿನ ಗಡಿಗೆ ಸಮೀಪದ ಕೊಲ್ಯೂರ್ ಎಂಬ ಮೀನುಗಾರರ ಊರಿನಲ್ಲಿ ಕಳೆದನು. ಕಿರಿಯ ಚಿತ್ರಕಾರ ಆಂದ್ರೆ ದೆರೈನ್ ಅಲ್ಲಿ ಅವನ ಜೊತೆಗಾರನಾಗಿದ್ದನು. ಆ ವರ್ಷದ ಅಕ್ಟೋಬರಿನಲ್ಲಿ ಪ್ಯಾರಿಸಿನ ಶರತ್ಕಾಲದ ಪ್ರದರ್ಶನದಲ್ಲಿ ಇವರ ಮತ್ತು ಇವರ ಗೆಳೆಯರ ಚಿತ್ರಗಳು ಒಂದೇ ಕೋಣೆಯಲ್ಲಿ ನಿಂತವು. ಲೂಯಿ ವೋಸೆಲ್ ಎಂಬ ವಿಮರ್ಶಕ ಈ ಗುಂಪನ್ನು ಕಾಡುಮೃಗಗಳಿಗೆ ಹೋಲಿಸಿ ಬರೆದ ಮಾತೇ ಮುಂದೆ ‘ಫೋವ್’ ಪಂಥವೆಂಬ ಹೆಸರಾಯಿತು. ಪ್ರೇಕ್ಷಕರ ನಗೆಗೆ ಹೆಚ್ಚಾಗಿ ಗುರಿಯಾದದ್ದು ಅಲ್ಲಿದ್ದ ‘ಟೋಪಿಯ ಹೆಂಗಸು’ ಎಂಬ ಚಿತ್ರ. ಅದೂ ಅಮೇಲಿಯ ಭಾವಚಿತ್ರವೇ. ‘ಹಸಿರು ಗೆರೆ’ ಆ ಗದ್ದಲದ ತರುವಾಯ, ಅದೇ ವರ್ಷದ ಕೊನೆಯ ಭಾಗದಲ್ಲಿ ರಚಿತವಾದದ್ದು. ಆದುದರಿಂದ ಇದನ್ನು ಮೊದಲ ಹುರುಪಿನ ಕೃತಿಯೆನ್ನಲಾಗದು. ನಗೆಪಾಟಲಾದ ಮೇಲೆ ಅದೇ ಮುಖಕ್ಕೆ ಮರಳಿಬಂದ ಚಿತ್ರಕಾರನ ಕೃತಿ ಇದು.

3

ಈಗ ಚಿತ್ರವನ್ನು ನೋಡೋಣ. ಒಬ್ಬ ಹೆಂಗಸಿನ ತಲೆ, ಕೊರಳು, ಹೆಗಲುಗಳ ಮೇಲುಭಾಗ, ಇಷ್ಟೇ ವಸ್ತು. ಕೂದಲನ್ನು ಮೇಲಕ್ಕೆತ್ತಿ ನೆತ್ತಿಯಲ್ಲಿ ಗಂಟುಕಟ್ಟಿದೆ. ಅದರ ಬಣ್ಣ ಕಪ್ಪಿಗೆ ಹತ್ತಿರವಾದ ನೀಲಿ. ನಡುನಡುವೆ ನೇರಳೆಯ ಛಾಯೆ. ಹುಬ್ಬುಗಳು ದಪ್ಪನೆಯ ಕಪ್ಪುನೀಲಿ ಕಮಾನುಗಳು. ಕಣ್ಣುಗಳು ಗಾಢವಾಗಿವೆ, ತುಟಿಗಳು ಮುಚ್ಚಿವೆ. ಉಡುಪಿನಲ್ಲಿ ಕೆಂಪು ಪ್ರಧಾನವಾಗಿದೆ. ಹಿನ್ನೆಲೆಯಲ್ಲಿ ಕೋಣೆಯಿಲ್ಲ, ಕಿಟಕಿಯಿಲ್ಲ, ಪರದೆಯಿಲ್ಲ. ಮೂರು ಬಣ್ಣಗಳ ಹರವು ಮಾತ್ರವಿದೆ. ನಮ್ಮ ಬಲಕ್ಕೆ ವಿಶಾಲವಾದ ಹಸಿರು. ಎಡಕ್ಕೆ ಮೇಲುಗಡೆ ನೇರಳೆ ಬೆರೆತ ಗುಲಾಬಿ, ಕೆಳಗಡೆ ಕಿತ್ತಳೆಗೆಂಪು.

ಮುಖ ಎರಡು ಪಾಲಾಗಿದೆ. ನಮ್ಮ ಎಡಗಡೆಯ ಅರ್ಧ ಮಣ್ಣುಹಳದಿ. ಬಲಗಡೆಯ ಅರ್ಧ ಗುಲಾಬಿ. ಇವೆರಡರ ನಡುವೆ, ಕೂದಲಿನ ಅಂಚಿನಿಂದ ಹೊರಟು ಹಣೆಯನ್ನು ಹಾದು ಮೂಗಿನ ದಿಂಡಿನ ಮೇಲೆ ಇಳಿದು ಮೇಲ್ದುಟಿಯತ್ತ ಸಾಗುವ ಅಗಲವಾದ ಹಸಿರು ಪಟ್ಟೆಯೇ ಚಿತ್ರಕ್ಕೆ ಹೆಸರು ತಂದ ಗೆರೆ.

ಹಳೆಯ ಪಾಶ್ಚಾತ್ಯ ಭಾವಚಿತ್ರಗಳ ಕ್ರಮವನ್ನು ಬಲ್ಲವರಿಗೆ ಇಲ್ಲಿ ಒಂದು ಪರಿಚಿತ ವ್ಯವಸ್ಥೆ ಹೊಳೆಯದಿರದು. ಬೆಳಕು ಒಂದು ಮಗ್ಗುಲಿನಿಂದ ಬೀಳುತ್ತದೆ. ಮುಖದ ಒಂದು ಪಾಲು ಬೆಳಗುತ್ತದೆ, ಇನ್ನೊಂದು ಪಾಲು ನೆರಳಿಗೆ ಸರಿಯುತ್ತದೆ. ಇವೆರಡೂ ಸಂಧಿಸುವ ಎಡೆಯಲ್ಲಿ ಮೂಗಿನ ದಿಂಡು ಮೇಲೇಳುತ್ತದೆ. ಮಾತೀಸ್ ಈ ವ್ಯವಸ್ಥೆಯನ್ನು ಮುರಿಯಲಿಲ್ಲ. ಅದರ ಅಸ್ಥಿಪಂಜರವನ್ನು ಹಾಗೆಯೇ ಉಳಿಸಿಕೊಂಡನು. ಬೆಳಕಿನ ಪಾಲು, ನೆರಳಿನ ಪಾಲು, ಸಂಧಿರೇಖೆ ಮೂರೂ ಅವುಗಳ ಸ್ಥಾನದಲ್ಲಿಯೇ ಇವೆ. ಅವನು ಬದಲಿಸಿದ್ದು ಅವುಗಳ ದ್ರವ್ಯವನ್ನು. ಬಿಳುಪು ಕಪ್ಪುಗಳ ಏರಿಳಿತದಿಂದ ನಡೆಯಬೇಕಾದ ಕೆಲಸವನ್ನು ಬಣ್ಣ ಬಣ್ಣಗಳ ನಡುವಣ ಶೀತೋಷ್ಣ ಭೇದದಿಂದ ಮಾಡಿಸಿದನು. ಬಣ್ಣವಿಲ್ಲದ ಮುದ್ರಣದಲ್ಲಿ ಈ ಚಿತ್ರವನ್ನು ಕಂಡವರಿಗೆ ಗೆರೆ ತನ್ನ ಶಕ್ತಿಯನ್ನು ಕಳೆದುಕೊಂಡು ಸಾಮಾನ್ಯ ಛಾಯೆಯಾಗಿ ತೋರುವುದಕ್ಕೆ ಇದೇ ಕಾರಣ.

ಇದನ್ನು ಪರೀಕ್ಷಿಸಲು ಒಂದು ಸುಲಭವಾದ ಉಪಾಯವಿದೆ, ತರಗತಿಯಲ್ಲಿಯೂ ಮಾಡಬಹುದು. ಚಿತ್ರದ ಒಳ್ಳೆಯ ಪ್ರತಿಯೊಂದನ್ನು ಮೇಜಿನ ಮೇಲಿಟ್ಟು, ಹಸಿರು ಗೆರೆಯನ್ನು ಒಂದು ಕಡ್ಡಿಯಿಂದಲೋ ಕಾಗದದ ಸೀಳಿನಿಂದಲೋ ಮರೆಮಾಡಬೇಕು. ಮೂಗು ಆ ಕ್ಷಣವೇ ಮಾಯವಾಗುತ್ತದೆ. ಅದರೊಡನೆ ಮುಖವೂ ಸಡಿಲುತ್ತದೆ. ಹಳದಿಯ ತುಂಡೊಂದು, ಗುಲಾಬಿಯ ತುಂಡೊಂದು ಪಕ್ಕಪಕ್ಕದಲ್ಲಿ ಬಿದ್ದಂತಾಗುತ್ತದೆ. ಸೀಳನ್ನು ತೆಗೆದೊಡನೆ ಎರಡೂ ತುಂಡುಗಳು ಒಂದೇ ತಲೆಯ ಎರಡು ಮಗ್ಗುಲುಗಳಾಗಿ ಕೂಡಿಕೊಳ್ಳುತ್ತವೆ. ಮುಖವನ್ನು ಸೀಳಿದಂತೆ ಮೊದಲು ತೋರಿದ ಗೆರೆ ಮುಖವನ್ನು ಹೊಲಿದು ಹಿಡಿದಿರುವ ಗೆರೆಯೆಂದು ಆಗ ತಿಳಿಯುತ್ತದೆ.

ಎರಡನೆಯ ಪರೀಕ್ಷೆ ಇನ್ನೂ ಬೋಧಪ್ರದವಾದದ್ದು. ಈ ಬಾರಿ ಗೆರೆಯನ್ನು ಮುಟ್ಟದೆ, ಬಲಗಡೆಯ ಹಸಿರು ಹಿನ್ನೆಲೆಯನ್ನು ಬಿಳಿಯ ಕಾಗದದಿಂದ ಮುಚ್ಚಬೇಕು. ಒಡನೆಯೇ ಮುಖದ ಮೇಲಿನ ಹಸಿರು ಒಂಟಿಯಾಗುತ್ತದೆ. ಗಾಯದ ಗುರುತಿನಂತೆ, ಅಂಟಿಸಿದ ಪಟ್ಟಿಯಂತೆ ಕಾಣತೊಡಗುತ್ತದೆ. ಹಿನ್ನೆಲೆಯನ್ನು ತೆರೆದರೆ ಅದು ಮತ್ತೆ ತನ್ನ ಬಳಗವನ್ನು ಸೇರುತ್ತದೆ. ಹೀಗೆಯೇ ಎಡಗಡೆಯ ಗುಲಾಬಿ ಕಿತ್ತಳೆಗಳನ್ನು ಮುಚ್ಚಿದರೆ ಹಳದಿಯ ಕೆನ್ನೆ ಬಿಳಿಚಿ ರೋಗಿಯ ಕೆನ್ನೆಯಾಗುತ್ತದೆ. ಇಲ್ಲಿ ಬಣ್ಣಗಳನ್ನು ಕತ್ತರಿಯಾಕಾರದಲ್ಲಿ ಹೆಣೆದಿದೆ: ತಂಪಾದ ಹಸಿರು ಹಿನ್ನೆಲೆಗೆ ತಗುಲಿದಂತೆ ಗುಲಾಬಿಯ ಕೆನ್ನೆ, ಬೆಚ್ಚನೆಯ ಕೆಂಪು ಹಿನ್ನೆಲೆಗೆ ತಗುಲಿದಂತೆ ಹಸಿರುಗೂಡಿದ ಹಳದಿಯ ಕೆನ್ನೆ. ಬಲಗಡೆ ಇರುವ ಬಣ್ಣಕ್ಕೆ ಎಡಗಡೆ ಉತ್ತರವಿದೆ, ಎಡಗಡೆಯದಕ್ಕೆ ಬಲಗಡೆ. ನಟ್ಟನಡುವೆ ನಿಂತ ಗೆರೆ ಈ ವಿನಿಮಯದ ಅಚ್ಚು.

4

ನಮ್ಮ ಪ್ರಾಚೀನ ಶಿಲ್ಪಚಿತ್ರಗ್ರಂಥಗಳಲ್ಲಿ ಮುಖ್ಯವಾದ ವಿಷ್ಣುಧರ್ಮೋತ್ತರದ ಚಿತ್ರಸೂತ್ರದಲ್ಲಿ ಒಂದು ಪ್ರಸಿದ್ಧವಾದ ಅಭಿಪ್ರಾಯವಿದೆ. ಆಚಾರ್ಯರು ಚಿತ್ರದಲ್ಲಿ ರೇಖೆಯನ್ನು ಮೆಚ್ಚುತ್ತಾರೆ, ವಿಚಕ್ಷಣರು ವರ್ತನವನ್ನು, ಅಂದರೆ ಛಾಯೆಯಿಂದ ಉಬ್ಬುತಗ್ಗು ತೋರಿಸುವ ಕ್ರಮವನ್ನು ಮೆಚ್ಚುತ್ತಾರೆ, ಸ್ತ್ರೀಯರು ಭೂಷಣವನ್ನು ಬಯಸುತ್ತಾರೆ, ಉಳಿದ ಜನ ಬಣ್ಣದ ಸಮೃದ್ಧಿಯನ್ನು ಬಯಸುತ್ತಾರೆ ಎಂದು ಅದರ ತಾತ್ಪರ್ಯ. ಸ್ತ್ರೀಯರನ್ನು ಕುರಿತ ಮಾತನ್ನು ಇಂದು ಯಾರೂ ಒಪ್ಪಬೇಕಾಗಿಲ್ಲ. ಆದರೆ ರೇಖೆ, ವರ್ತನ, ಭೂಷಣ, ವರ್ಣವೆಂಬ ನಾಲ್ಕು ಅಂಗಗಳ ವಿಂಗಡಣೆ ವಿಮರ್ಶಕನಿಗೆ ಉಪಯುಕ್ತವಾಗಿದೆ. ಇಲ್ಲಿ ಬಣ್ಣಕ್ಕೆ ಸಂದಿರುವುದು ಕಡೆಯ ಪಂಕ್ತಿ. ಪಂಡಿತರು ರೇಖೆಯನ್ನು ನೋಡುತ್ತಿರುವಾಗ ಪಾಮರರು ಬಣ್ಣಕ್ಕೆ ಮರುಳಾಗುತ್ತಾರೆ ಎಂಬ ಧ್ವನಿ ಅದರಲ್ಲಿದೆ. ಐರೋಪ್ಯ ಕಲಾಶಾಲೆಗಳಲ್ಲಿಯೂ ಬಹುಕಾಲ ಇದೇ ಬಗೆಯ ತಾರತಮ್ಯವಿತ್ತು.

ಹಸಿರು ಗೆರೆಯನ್ನು ಈ ವಿಂಗಡಣೆಯ ಮುಂದೆ ಇಟ್ಟು ನೋಡಿದರೆ ಮಾತೀಸನ ಸಾಧನೆ ಸ್ಪಷ್ಟವಾಗುತ್ತದೆ. ಅದು ರೇಖೆಯೆ? ಹೌದು, ಮೂಗಿನ ಆಕಾರವನ್ನು ಗುರುತಿಸುವುದು ಅದೇ. ಅದು ವರ್ತನವೆ? ಹೌದು, ಮುಖದ ಉಬ್ಬನ್ನು ತೋರಿಸುವುದು ಅದೇ. ಅದು ವರ್ಣವೆ? ಕೇಳಲೇಬೇಕಾಗಿಲ್ಲ. ಮೂರು ಅಂಗಗಳ ಕೆಲಸವನ್ನು ಕುಂಚದ ಒಂದೇ ಎಳೆತ ನಿರ್ವಹಿಸಿದೆ. ಕಡೆಯ ಪಂಕ್ತಿಯಲ್ಲಿದ್ದ ಬಣ್ಣ ಮೊದಲ ಪಂಕ್ತಿಯವರ ಹೊಣೆಯನ್ನು ಹೊತ್ತಿದೆ. ಇದನ್ನು ಬಣ್ಣದ ‘ಬಿಡುಗಡೆ’ ಎನ್ನುವುದಕ್ಕಿಂತ ಬಣ್ಣದ ಮೇಲೆ ಹೊರಿಸಿದ ಹೊಸ ಭಾರವೆನ್ನುವುದು ಹೆಚ್ಚು ಸರಿ.

ಈ ಹಸಿರು ಎಲ್ಲಿಂದ ಬಂದಿತು? ಮಾನವದೇಹದ ಬಣ್ಣದಲ್ಲಿ ಹಸಿರಿಗೆ ಸ್ಥಾನವಿರುವುದು ಐರೋಪ್ಯ ಚಿತ್ರಕಲೆಗೆ ಹೊಸದಲ್ಲ. 1400ರ ಸುಮಾರಿಗೆ ಇಟಲಿಯ ಚೆನ್ನೀನೋ ಚೆನ್ನೀನಿ ಬರೆದ ಕುಶಲಕಲೆಯ ಕೈಪಿಡಿಯಲ್ಲಿ, ಮುಖಕ್ಕೆ ಕೆಂಪು ಬಿಳುಪುಗಳನ್ನು ಹಚ್ಚುವುದಕ್ಕೆ ಮೊದಲು ಹಸಿರು ಮಣ್ಣಿನ ಲೇಪ ಕೊಡಬೇಕೆಂಬ ವಿಧಿಯಿದೆ. ಮೇಲಿನ ಪದರಗಳು ಕಾಲವಶದಿಂದ ಸವೆದುಹೋದ ಹಳೆಯ ಇಟಲಿಯ ಹಲಗೆಚಿತ್ರಗಳಲ್ಲಿ ಮೇರಿಯ ಮುಖ ಇಂದು ಹಸಿರಾಗಿ ತೋರುವುದು ಈ ಕಾರಣದಿಂದಲೇ. ಕೆಂಪಿನ ಅಡಿಯಲ್ಲಿ ಹಸಿರಿದ್ದರೆ ಚರ್ಮಕ್ಕೆ ಜೀವ ಬರುತ್ತದೆಂಬುದನ್ನು ಅವರು ಬಲ್ಲವರಾಗಿದ್ದರು. ಇದರ ಶಾಸ್ತ್ರವನ್ನು 1839ರಲ್ಲಿ ವಿವರವಾಗಿ ನಿರೂಪಿಸಿದವನು ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಶೆವ್ರಲ್. ಕೆಂಪಿನ ಪಕ್ಕದಲ್ಲಿ ಹಸಿರನ್ನಿಟ್ಟರೆ ಎರಡೂ ಒಂದನ್ನೊಂದು ಬೆಳಗಿಸುತ್ತವೆಂಬ ಪೂರಕವರ್ಣಗಳ ತತ್ತ್ವವನ್ನು ಅವನಿಂದ ಚಿತ್ರಕಾರರು ಕಲಿತರು. ಇಂಪ್ರೆಷನಿಸ್ಟರು ನೆರಳಿನಿಂದ ಕಪ್ಪನ್ನು ಹೊರಹಾಕಿ ಅಲ್ಲಿ ನೀಲಿ ನೇರಳೆಗಳನ್ನು ತುಂಬಿದರು. ಮಾತೀಸ್ 1904ರ ಬೇಸಗೆಯಲ್ಲಿ ಸಿನ್ಯಾಕನ ನೆರೆಯಲ್ಲಿದ್ದು, ಬಿಡಿಬಿಡಿಯಾದ ಬಣ್ಣದ ಚುಕ್ಕೆಗಳಿಂದ ಚಿತ್ರ ಕಟ್ಟುವ ಕ್ರಮವನ್ನು ಅಭ್ಯಾಸ ಮಾಡಿದನು. ಮರುವರ್ಷ ಆ ಚುಕ್ಕೆಗಳನ್ನು ಬಿಟ್ಟು ಬಣ್ಣದ ಅಗಲವಾದ ಹರವುಗಳಿಗೆ ಬಂದನು. ಹೀಗೆ ಆ ಹಸಿರು ಗೆರೆಯ ಹಿಂದೆ ಐದು ಶತಮಾನಗಳ ಕಸಬಿನ ಅನುಭವವಿದೆ. ಅಡಿಯಲ್ಲಿ ಅಡಗಿ ದುಡಿಯುತ್ತಿದ್ದ ಹಸಿರನ್ನು ಮಾತೀಸ್ ಮೇಲಕ್ಕೆ ತಂದು ನಿಲ್ಲಿಸಿದನು.

ಇಲ್ಲಿ ನಮ್ಮ ಓದುಗರಲ್ಲಿ ಒಂದು ಸಂದೇಹ ಏಳಬಹುದು. ಬಣ್ಣ ಬಳಿದ ಮುಖ ನಮಗೆ ಹೊಸದೇ? ಯಕ್ಷಗಾನದ ಬಣ್ಣದ ವೇಷವನ್ನು, ಕಥಕಳಿಯ ಪಚ್ಚೆವೇಷವನ್ನು ಕಂಡವರಿಗೆ ಹಸಿರು ಮುಖ ಅಚ್ಚರಿಯಾಗಬೇಕಾಗಿಲ್ಲವಲ್ಲ? ಹೋಲಿಕೆ ಆಕರ್ಷಕವಾಗಿದೆ; ಆದರೆ ಭೇದ ದೊಡ್ಡದು. ಕಥಕಳಿಯಲ್ಲಿ ಹಸಿರು ಮುಖ ಧೀರೋದಾತ್ತ ನಾಯಕನ ಗುರುತು. ರಂಗದವರಿಗೂ ಪ್ರೇಕ್ಷಕರಿಗೂ ಮೊದಲೇ ಒಪ್ಪಂದವಾದ ಸಂಕೇತವದು. ಪಾತ್ರ ಬಾಯಿ ತೆರೆಯುವ ಮೊದಲೇ ನಾವು ಅದನ್ನು ಓದಬಲ್ಲೆವು. ಮಾತೀಸನ ಹಸಿರಿಗೆ ಅಂಥ ಒಪ್ಪಂದದ ಬೆಂಬಲವಿಲ್ಲ. ಆಡುಮಾತಿನಲ್ಲಿ ನಾವು ಮುಖ ಕೆಂಪೇರಿತು, ಕಪ್ಪಿಟ್ಟಿತು, ಬಿಳಿಚಿಕೊಂಡಿತು ಎನ್ನುತ್ತೇವೆ. ಆ ಬಣ್ಣಗಳಿಂದ ಕೋಪವನ್ನೋ ಅವಮಾನವನ್ನೋ ಭಯವನ್ನೋ ಅರಿಯುತ್ತೇವೆ. ಅಮೇಲಿಯ ಮುಖದ ಹಸಿರಿನಿಂದ ಅಂಥ ಯಾವುದನ್ನೂ ಓದಲಾಗುವುದಿಲ್ಲ. ಚಿತ್ರದ ಉಳಿದ ಬಣ್ಣಗಳೊಡನೆ ಅದಕ್ಕಿರುವ ಸಂಬಂಧವೇ ಅದರ ಅರ್ಥ. 1908ರಲ್ಲಿ ಪ್ರಕಟವಾದ ತನ್ನ ಟಿಪ್ಪಣಿಗಳಲ್ಲಿ ಮಾತೀಸ್ ಇದನ್ನೇ ತತ್ತ್ವವಾಗಿ ಹೇಳಿದನು: ಅಭಿವ್ಯಕ್ತಿಯೆಂಬುದು ಮುಖದಲ್ಲಿ ಉಕ್ಕುವ ಆವೇಗದಲ್ಲಿಲ್ಲ, ಚಿತ್ರದ ಸಮಸ್ತ ವಿನ್ಯಾಸದಲ್ಲಿದೆ ಎಂಬುದು ಅವನ ಮತ.

5

ಇಷ್ಟು ಹೇಳಿದ ಮೇಲೆ ನಾವು ಮೊದಲಿನ ಪ್ರಶ್ನೆಗೆ ಮರಳಬೇಕು. ಬಣ್ಣಗಳ ವ್ಯವಸ್ಥೆ ಎಷ್ಟೇ ಸೊಗಸಾಗಿರಲಿ, ಅದು ಒಂದು ಹೂದಾನಿಯ ಚಿತ್ರದಲ್ಲಿಯೂ ಸಾಧ್ಯವಾಗುತ್ತಿರಲಿಲ್ಲವೆ? ಹಾಗಾದರೆ ಹೆಂಡತಿಯ ಮುಖ ಬಣ್ಣದ ಪ್ರಯೋಗಕ್ಕೆ ಒಂದು ನೆಪವಾಯಿತಷ್ಟೆ? ಈ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಮಾತೀಸನೇ ಮುಂದೆ ಒಮ್ಮೆ, ತಾನು ಮಾಡುವುದು ಹೆಂಗಸನ್ನಲ್ಲ, ಚಿತ್ರವನ್ನು ಎಂಬ ಅರ್ಥದ ಮಾತನ್ನು ಬರೆದಿದ್ದಾನೆ.

ಇದರ ನಿರ್ಣಯಕ್ಕೆ ಇದೇ ಮುಖದ ಇನ್ನೆರಡು ಚಿತ್ರಗಳು ಸಹಾಯಕವಾಗುತ್ತವೆ. ಮೊದಲನೆಯದು, ಮೇಲೆ ಹೇಳಿದ ‘ಟೋಪಿಯ ಹೆಂಗಸು’. ಈಗ ಅಮೆರಿಕದ ಸಾನ್ ಫ್ರಾನ್ಸಿಸ್ಕೋ ನಗರದ ಆಧುನಿಕ ಕಲಾಸಂಗ್ರಹಾಲಯದಲ್ಲಿದೆ. ಅದರಲ್ಲಿ ಅಮೇಲಿ ಬೀಸಣಿಗೆ ಹಿಡಿದು, ಕೈಗವಸು ತೊಟ್ಟು, ಬೃಹತ್ತಾದ ಟೋಪಿಯನ್ನು ಹೊತ್ತು ನಮ್ಮ ಕಡೆ ತಿರುಗಿದ್ದಾಳೆ. ಅಲ್ಲಿಯೂ ಮುಖದಲ್ಲಿ ಹಸಿರಿದೆ, ಹಳದಿಯಿದೆ. ಆಗ ಆಕೆ ನಿಜವಾಗಿ ಉಟ್ಟಿದ್ದ ಬಟ್ಟೆಯ ಬಣ್ಣ ಯಾವುದೆಂದು ಕೇಳಿದವರಿಗೆ ಮಾತೀಸ್, ಕಪ್ಪು ಎಂದು ಉತ್ತರಕೊಟ್ಟನೆಂಬ ಪ್ರತೀತಿಯಿದೆ. ಈ ಚಿತ್ರದ ಉಲ್ಲಾಸ ದೊಡ್ಡದು. ಆದರೆ ಅಲ್ಲಿ ಕುಂಚ ಕೆನ್ನೆಯನ್ನೂ ಟೋಪಿಯ ಅಲಂಕಾರವನ್ನೂ ಒಂದೇ ಸಲಿಗೆಯಿಂದ ಮುಟ್ಟುತ್ತದೆ. ಬಣ್ಣಗಳು ಮುಖದ ಮೇಲಿಂದ ಟೋಪಿಗೆ, ಟೋಪಿಯಿಂದ ಗೋಡೆಗೆ ಹಾರಾಡುತ್ತವೆ. ಚಿತ್ರಸೂತ್ರದ ಮಾತಿನಲ್ಲಿ ಹೇಳುವುದಾದರೆ ಭೂಷಣ ಅಲ್ಲಿ ಮುಖವನ್ನು ಗೆದ್ದಿದೆ.

ಆ ಚಿತ್ರಕ್ಕೆ ಗೊತ್ತುಮಾಡಿದ್ದ ಬೆಲೆ 500 ಫ್ರಾಂಕು. ಕೊಳ್ಳಲು ಬಂದ ಸ್ಟೈನ್ ಮನೆತನದವರು ಮೊದಲು ಅದಕ್ಕಿಂತ ಕಡಿಮೆಗೆ ಕೇಳಿದರೆಂದೂ, ಮಾತೀಸ್ ಒಪ್ಪಿಬಿಡುವ ಮನಸ್ಸಿನಲ್ಲಿದ್ದಾಗ ಅಮೇಲಿಯೇ ತಡೆದು, ಉಳಿದ ಹಣದಲ್ಲಿ ಮಗಳಿಗೆ ಚಳಿಗಾಲದ ಬಟ್ಟೆ ಬರುತ್ತದೆಂದು ಪೂರ್ಣ ಬೆಲೆಗೆ ಪಟ್ಟು ಹಿಡಿದಳೆಂದೂ ಗರ್ಟ್ರೂಡ್ ಸ್ಟೈನ್ 1933ರ ತನ್ನ ಪುಸ್ತಕದಲ್ಲಿ ಹೇಳಿದ್ದಾಳೆ. ನಗುವ ಜನದ ಮುಂದೆ ತನ್ನದೇ ಮುಖ ನೇತಾಡುತ್ತಿದ್ದಾಗ ಅದರ ಬೆಲೆಯನ್ನು ಒಂದು ಫ್ರಾಂಕಿನಷ್ಟೂ ಇಳಿಸದೆ ನಿಂತ ಈ ಹೆಂಗಸನ್ನು ಚಿತ್ರಕಾರನ ಕೈಯ ಮೌನ ಸಾಮಗ್ರಿಯೆಂದು ಭಾವಿಸುವುದು ಕಷ್ಟ.

ಎರಡನೆಯದು 1913ರಲ್ಲಿ ಮುಗಿದ ದೊಡ್ಡ ಭಾವಚಿತ್ರ. ರಷ್ಯದ ವರ್ತಕ ಶ್ಚೂಕಿನ್ ಕೊಂಡ ಈ ಕೃತಿ ಈಗ ಸೇಂಟ್ ಪೀಟರ್ಸ್‌ಬರ್ಗಿನ ಹರ್ಮಿಟೇಜ್ ಸಂಗ್ರಹಾಲಯದಲ್ಲಿದೆ. ಅದಕ್ಕಾಗಿ ಅಮೇಲಿ ನೂರಕ್ಕೂ ಹೆಚ್ಚು ಬಾರಿ ಕುಳಿತಳೆಂದು ಹೇಳುತ್ತಾರೆ. ಮುಗಿದ ಚಿತ್ರದಲ್ಲಿ ಮುಖ ಬೂದುಬಣ್ಣದ ಮುಖವಾಡವಾಗಿದೆ. ಕಣ್ಣುಗಳು ಕಪ್ಪು ಗುರುತುಗಳಾಗಿವೆ. ಅದನ್ನು ಕಂಡು ಆಕೆ ಅತ್ತಳೆಂದು ಪ್ರಸಿದ್ಧಿಯಿದೆ. ಕಲಾದೃಷ್ಟಿಯಿಂದ ಅದು ಬಹು ದೊಡ್ಡ ಕೃತಿ. ಆ ನೀಲಿ ಬೂದುಗಳ ಸಂಯಮ ಅಸಾಧಾರಣವಾದದ್ದು. ಆದರೂ ಅಲ್ಲಿ ಚಿತ್ರಕಾರನು ನೂರು ಬಾರಿ ನೋಡಿ, ಕಡೆಗೆ ನೋಡಿದ್ದನ್ನೆಲ್ಲ ಅಳಿಸಿದಂತೆ ತೋರುತ್ತದೆ. ಮುಖ ಹಿಂದೆ ಸರಿದಿದೆ.

ಇವೆರಡರ ನಡುವೆ ‘ಹಸಿರು ಗೆರೆ’ಯ ವೈಶಿಷ್ಟ್ಯ ಕಾಣಿಸುತ್ತದೆ. ಇಲ್ಲಿ ಟೋಪಿಯಿಲ್ಲ, ಬೀಸಣಿಗೆಯಿಲ್ಲ, ಕೈಗಳೂ ಇಲ್ಲ. ಭೂಷಣವನ್ನೆಲ್ಲ ಕಳಚಿ ಮುಖವೊಂದನ್ನೇ ಎದುರಿಗಿಟ್ಟಿದೆ. ಬಣ್ಣ ಎಷ್ಟೇ ಉಜ್ಜ್ವಲವಾಗಿದ್ದರೂ ಅದು ಮುಖದ ಆಜ್ಞೆಯನ್ನು ಮೀರಿಲ್ಲ. ಹಸಿರು ಇಳಿದುಬಂದಿರುವುದು ಮೂಳೆಯ ದಾರಿಯಲ್ಲಿ. ಹಳದಿ ಗುಲಾಬಿಗಳು ಬೇರೆಯಾದದ್ದು ಮುಖದ ಎರಡು ಮಗ್ಗುಲುಗಳು ಬೇರೆಯಾಗುವಲ್ಲಿ. ಕಪ್ಪುನೀಲಿ ನೆಲೆಸಿರುವುದು ಹುಬ್ಬು, ಕಣ್ಣು, ಕೂದಲುಗಳಲ್ಲಿ. ಹೂದಾನಿಗೆ ಈ ವಿನ್ಯಾಸ ಹೊಂದದು. ಈ ವ್ಯವಸ್ಥೆಗೆ ಒಂದು ಮುಖವೇ ಬೇಕು. ನೇರವಾಗಿ, ಅಲುಗದೆ, ನೋಟವನ್ನು ತಗ್ಗಿಸದೆ ಕುಳಿತ ಈ ಮುಖವೇ ಬೇಕು. ಸುತ್ತಲಿನ ಮೂರು ಬಣ್ಣಗಳು ಮೂರು ದಿಕ್ಕಿಗೆ ಎಳೆಯುತ್ತಿದ್ದರೂ ಆ ತಲೆ ಓಲಾಡುವುದಿಲ್ಲ. ಬಣ್ಣಗಳ ಒತ್ತಡ ಹೆಚ್ಚಾದಷ್ಟೂ ಕುಳಿತವಳ ಸ್ಥೈರ್ಯ ಹೆಚ್ಚಾಗಿ ಕಾಣುತ್ತದೆ. ಚಿತ್ರದ ಭಾವ ಇದೇ ಎಂದು ನಮಗೆ ತೋರುತ್ತದೆ. ಅದನ್ನು ಹುಬ್ಬಿನ ಗಂಟಿನಲ್ಲಿಯೋ ತುಟಿಯ ಕೊಂಕಿನಲ್ಲಿಯೋ ಹುಡುಕಿದರೆ ಸಿಕ್ಕುವುದಿಲ್ಲ. ಬಣ್ಣಗಳ ಸೆಣಸಾಟದ ನಡುವೆ ಕೆಡದೆ ನಿಂತ ಸಮತೋಲನದಲ್ಲಿ ಅದು ಸಿಕ್ಕುತ್ತದೆ.

ಒಂದು ಎಚ್ಚರಿಕೆ ಇಲ್ಲಿ ಅವಶ್ಯಕ. ಅಮೇಲಿಯ ಮುಂದಿನ ಜೀವನ ನಮಗೆ ಗೊತ್ತಿದೆ. 1939ರಲ್ಲಿ ದಂಪತಿಗಳು ಬೇರೆಯಾದರು. ಎರಡನೆಯ ಮಹಾಯುದ್ಧದಲ್ಲಿ ಜರ್ಮನರ ವಿರುದ್ಧ ಗುಪ್ತವಾಗಿ ಕೆಲಸ ಮಾಡಿದ್ದಕ್ಕಾಗಿ, 1944ರಲ್ಲಿ, ಎಪ್ಪತ್ತು ದಾಟಿದ ಆಕೆಯನ್ನೂ ಮಾರ್ಗರೀತಳನ್ನೂ ಗೆಸ್ಟಾಪೊ ಸೆರೆಹಿಡಿಯಿತು; ಆಕೆ ತಿಂಗಳುಗಟ್ಟಲೆ ಸೆರೆಮನೆಯಲ್ಲಿದ್ದಳು. 1958ರಲ್ಲಿ ತೀರಿಕೊಂಡಳು. ಇದನ್ನೆಲ್ಲ ತಿಳಿದ ಮೇಲೆ 1905ರ ಆ ನೋಟದಲ್ಲಿ ಸೆರೆಮನೆಯ ಧೈರ್ಯವನ್ನು ಮುಂಗಾಣುವ ಆಸೆ ಯಾರಿಗಾದರೂ ಆದೀತು. ವಿಮರ್ಶೆ ಈ ಆಸೆಯನ್ನು ಅಡಗಿಸಿಕೊಳ್ಳಬೇಕು. ಚರಿತ್ರೆ ಕೊಟ್ಟದ್ದನ್ನು ಚಿತ್ರ ಕೊಟ್ಟಿತೆಂದು ಹೇಳುವುದು ಎರಡಕ್ಕೂ ಮಾಡುವ ಅನ್ಯಾಯ. ಸ್ಥೈರ್ಯ ಚಿತ್ರದಲ್ಲಿದೆ ಎಂದು ನಾವು ಹೇಳಿದ್ದು ಬಣ್ಣಗಳ ವಿನ್ಯಾಸದ ಆಧಾರದಿಂದ; ಆ ಆಧಾರ ಆಕೆಯ ಜೀವನಚರಿತ್ರೆ ಗೊತ್ತಿಲ್ಲದವನಿಗೂ ಲಭ್ಯವಾಗಿದೆ.

ಹಾಗೆಯೇ ಚಿತ್ರದ ಮಿತಿಯನ್ನೂ ಒಪ್ಪಿಕೊಳ್ಳಬೇಕು. ರೆಂಬ್ರಾಂಟನ ಮುದುಕಿಯರ ಮುಖದಲ್ಲಿ ಒಂದು ಬಾಳೆಲ್ಲ ಉಳಿದುಕೊಂಡಿದೆ. ಕಳೆದ ದಿನಗಳ ದಣಿವು, ಕ್ಷಮೆ, ಒಂಟಿತನ ನಮಗೆ ಕಾಣುತ್ತವೆ. ಅಮೇಲಿಯ ಮುಖದಲ್ಲಿ ಕಾಲವಿಲ್ಲ. ಆಕೆ ಏನನ್ನು ಯೋಚಿಸುತ್ತಿದ್ದಾಳೆ, ಬೆಳಗ್ಗೆ ಯಾವ ಕೆಲಸ ಮುಗಿಸಿ ಬಂದು ಕುಳಿತಳು, ಎಂಬುದರ ಸುಳಿವಿಲ್ಲ. ಟೋಪಿಯಂಗಡಿಯ ಒಡತಿಯನ್ನೂ ಉಂಗುರ ಒತ್ತೆಯಿಟ್ಟವಳನ್ನೂ ಈ ಚಿತ್ರ ನಮಗೆ ಹೇಳುವುದಿಲ್ಲ. ಸನ್ನಿಧಿಯನ್ನು ಕೊಡುತ್ತದೆ, ಕಥೆಯನ್ನು ಬಿಡುತ್ತದೆ. ಇದು ನಷ್ಟವೇ. ಆಧುನಿಕ ಕಲೆಯನ್ನು ಸಮರ್ಥಿಸುವ ಉತ್ಸಾಹದಲ್ಲಿ ಈ ನಷ್ಟವನ್ನು ಮುಚ್ಚಿಡುವುದರಿಂದ ವಿದ್ಯಾರ್ಥಿಯ ವಿಶ್ವಾಸವನ್ನು ಗಳಿಸಲಾಗುವುದಿಲ್ಲ.

6

ಚಿತ್ರದ ಆಮೇಲಿನ ಯಾತ್ರೆಯೂ ಸ್ವಾರಸ್ಯವಾಗಿದೆ. ಇದನ್ನು ಕೊಂಡವರು ಮೈಕೆಲ್ ಸ್ಟೈನ್ ಮತ್ತು ಸಾರಾ ಸ್ಟೈನ್ ದಂಪತಿಗಳು. 1906ರ ಏಪ್ರಿಲಿನಲ್ಲಿ ಸಾನ್ ಫ್ರಾನ್ಸಿಸ್ಕೋ ನಗರ ಭೂಕಂಪಕ್ಕೆ ತುತ್ತಾದಾಗ ತಮ್ಮ ಆಸ್ತಿಯನ್ನು ನೋಡಿಕೊಳ್ಳಲು ಹೊರಟ ಅವರು ಈ ಚಿಕ್ಕ ಚಿತ್ರವನ್ನೂ ಜೊತೆಯಲ್ಲಿ ಒಯ್ದರು. ಅಮೆರಿಕ ಕಂಡ ಮಾತೀಸನ ಮೊದಲ ಕೃತಿಗಳಲ್ಲಿ ಇದೂ ಒಂದು. 1914ರಲ್ಲಿ ಬರ್ಲಿನ್ನಿನ ಪ್ರದರ್ಶನವೊಂದಕ್ಕೆ ಅವರು ತಮ್ಮ 19 ಚಿತ್ರಗಳನ್ನು ಎರವಲು ಕೊಟ್ಟಾಗ ಇದೂ ಅವುಗಳಲ್ಲಿ ಸೇರಿತ್ತು. ಅಷ್ಟರಲ್ಲಿ ಮಹಾಯುದ್ಧ ಆರಂಭವಾಗಿ ಚಿತ್ರಗಳು ಅಲ್ಲಿಯೇ ಸಿಕ್ಕಿಬಿದ್ದವು. ಅನಂತರ ಕೈಬದಲಾಗಿ, ಯೊಹಾನ್ನೆಸ್ ರುಂಪ್ ಎಂಬ ಸಂಗ್ರಾಹಕನ ಮೂಲಕ ಡೆನ್ಮಾರ್ಕಿನ ರಾಷ್ಟ್ರೀಯ ಸಂಗ್ರಹಾಲಯಕ್ಕೆ ಬಂದು ನಿಂತಿತು.

ನಮ್ಮಲ್ಲಿ ಬಹುಮಂದಿ ಅಧ್ಯಾಪಕರೂ ವಿದ್ಯಾರ್ಥಿಗಳೂ ಇಂಥ ಚಿತ್ರಗಳನ್ನು ಅಚ್ಚಿನ ಪ್ರತಿಗಳಲ್ಲಿಯೇ ನೋಡಬೇಕಾಗಿದೆ. ಒಂದು ಪುಸ್ತಕದ ಹಸಿರು ಇನ್ನೊಂದು ಪುಸ್ತಕದಲ್ಲಿ ನೀಲಿಯಾಗುತ್ತದೆ. ಬಣ್ಣವೇ ಸರ್ವಸ್ವವಾದ ಚಿತ್ರಕ್ಕೆ ಇದು ಸಣ್ಣ ಹಾನಿಯಲ್ಲ. ಆದರೆ ಬಣ್ಣಗಳ ಪರಸ್ಪರ ಸಂಬಂಧ ಸುಮಾರಾದ ಪ್ರತಿಯಲ್ಲಿಯೂ ಬಹುಮಟ್ಟಿಗೆ ಉಳಿದಿರುತ್ತದೆ. ಎರಡು ಮೂರು ಪ್ರತಿಗಳನ್ನು ಪಕ್ಕದಲ್ಲಿಟ್ಟುಕೊಂಡು, ಕಾಗದದ ಸೀಳೊಂದನ್ನು ಕೈಯಲ್ಲಿ ಹಿಡಿದು ಕುಳಿತರೆ ಯಾವ ಊರಿನ ತರಗತಿಯಲ್ಲಿಯೂ ಈ ಪರಿಶೀಲನೆ ಸಾಧ್ಯ.

ಆಕೆಯ ಮುಖದ ನಡುವೆ ಹಸಿರು ಏಕೆ ಎಂದು ಕೇಳಿದ ವಿದ್ಯಾರ್ಥಿಗೆ ಇನ್ನು ಮುಂದೆ ಪಂಥದ ಹೆಸರನ್ನು ಹೇಳಿ ಬಾಯಿ ಮುಚ್ಚಿಸಬೇಕಾಗಿಲ್ಲ. ಆ ಹಸಿರನ್ನು ಮುಚ್ಚಿ ನೋಡು ಎನ್ನಬಹುದು. ಮುಚ್ಚಿದಾಗ ಮುಖ ಬಿದ್ದುಹೋಗುವುದನ್ನೂ ತೆರೆದಾಗ ಮತ್ತೆ ಎದ್ದು ಕೂಡುವುದನ್ನೂ ಅವನು ಅಥವಾ ಅವಳು ತಾನೇ ಕಂಡುಕೊಂಡರೆ, ಹೋಲಿಕೆಯ ಪ್ರಶ್ನೆ ಹಿಂದಕ್ಕೆ ಸರಿದು, ‘ಭಾವಚಿತ್ರ’ವೆಂಬ ನಮ್ಮ ಮಾತಿನ ಪೂರ್ವಪದ ಮೊದಲ ಬಾರಿಗೆ ಕಿವಿಗೆ ಬಿದ್ದೀತು.